ಐತವಾರವೂ ಮಳೆ ಅಳೆದವರಿಗೆ

ಕಳೆದ ಗುರುವಾರ ನನ್ನ ಪಿಎಚ್‌.ಡಿ. ವೈವಾ ಮುಗಿಯಿತು. ಕುಂದಾ ಡಬ್ಬಿ ಹಿಡಿದು ಬಂದ ಗೆಳತಿ, "ಈಗರ ಹೇಳ, ಇಷ್ಟ ವರ್ಷ ಏನ ಮಾಡಿದಿ?" ಅಂದಳು. "ಗಾಳಿ ಗುಡ್ಡ ಹತ್ತಿ ಇಳಿಯೂದನ್ನ ನೋಡಿದೆ" ಅಂದೆ. "ಅದಕ್ಕ ಆರು ವರ್ಷ ಬೇಕಾತು?" ಅಂದಳು. ಹೌದು, ಬೇಕಾಯಿತು.

ಪ್ರಬಂಧದ ಮೊದಲಲ್ಲಿ ಕೃತಜ್ಞತೆಗೆ ಒಂದು ಪುಟ ಇದೆ. ಅದು ಇಂಗ್ಲಿಷಿನಲ್ಲಿದೆ. ನಾನು ಯಾರಿಗೆ ಋಣಿಯೋ ಅವರಲ್ಲಿ ಮುಕ್ಕಾಲು ಮಂದಿ ಅದನ್ನು ಓದುವವರಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು 2019ರ ಆಗಸ್ಟಿನಲ್ಲಿ. ನಮ್ಮೂರು ರಾಮದುರ್ಗದ ಕಡೆ, ಮಲಪ್ರಭೆಯ ದಂಡೆ. ವರ್ಷಕ್ಕೆ 600 ಮಿ.ಮೀ. ಮಳೆ ಬಂದರೆ ಅದು ನಮಗೆ ಒಳ್ಳೆಯ ವರ್ಷ. ಆ ವಾರ ಊರಲ್ಲಿ ಜಿಟಿಜಿಟಿ ಹನಿ ಬಿಟ್ಟರೆ ದೊಡ್ಡ ಮಳೆಯಿಲ್ಲ. ಆದರೂ ಹೊಳೆ ಮನೆಯೊಳಗೆ ಬಂತು. ಖಾನಾಪುರದ ಘಟ್ಟದಲ್ಲಿ ಸುರಿದ ನೀರಿಗೆ ನವಿಲುತೀರ್ಥದ ಅಣೆಕಟ್ಟು ತುಂಬಿತ್ತು, ಗೇಟು ತೆಗೆದಿದ್ದರು. ಪಟ್ಟದಕಲ್ಲಿನ ಗುಡಿಗಳಲ್ಲೂ ಆಗ ಅದೇ ಹೊಳೆಯ ನೀರು. ನಾನು ಬೆಳಗಾವಿಯಲ್ಲಿ ಓದುತ್ತಿದ್ದೆ. ಅಪ್ಪ ಮಾಳಿಗೆ ಮೇಲಿಂದ ಫೋನ್ ಮಾಡಿ ಕೇಳಿದ: "ಇಷ್ಟ ನೀರ ಬಂದೈತಿ, ಮಳಿ ಎಲ್ಲೈತಿ?"

ಅಪ್ಪ ಸುಮ್ನೆ ಸಿಟ್ಟಿಗೆ ಕೇಳಿದ್ದು. ನನಗೆ ಮಾತ್ರ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಂಬೋಟಿ ರಸ್ತೆಯ ಬಸ್ ಹತ್ತಿದರೆ ಗೊತ್ತಾಗುತ್ತದೆ. ಊರಲ್ಲಿ ಕೊಡೆ ಸಾಕು, ಜಾಂಬೋಟಿಯಲ್ಲಿ ರೇನ್‌ಕೋಟ್ ಬೇಕು, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಎರಡೂ ಪ್ರಯೋಜನವಿಲ್ಲ. ಅದೇ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ ಮಳೆ 10,000 ಮಿ.ಮೀ. ದಾಟಿದ್ದು ದೊಡ್ಡ ಸುದ್ದಿಯಾಗಿತ್ತು. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದಂತೆ ತಣ್ಣಗಾಗುತ್ತದೆ, ಮೋಡ ಕಟ್ಟುವ ತನಕ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಷ್ಟು. ಘಟ್ಟದ ಮೈಮೇಲೆ ಮಳೆ ಸುರಿಸಿ, ಈ ಕಡೆ ಇಳಿಯುವಾಗ ಮತ್ತೆ ಬಿಸಿಯಾಗಿ ಒಣಗುತ್ತದೆ. ಒಣಗಿದ ಆ ಗಾಳಿ ನಮ್ಮ ಪಾಲಿಗೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಮಳೆ ನೆರಳಿನ ಪ್ರದೇಶ ಅನ್ನುತ್ತಾರೆ. ನೆರಳು ಅಂದರೆ ತಂಪು ಅಂತ ನಾನು ಏಳನೇ ಕ್ಲಾಸಿನವರೆಗೆ ತಿಳಿದಿದ್ದೆ.

ಶಾಲೆಯ ಪುಸ್ತಕ ಹೇಳದೇ ಬಿಟ್ಟದ್ದು ಏನೆಂದರೆ, ಗಾಳಿ ಯಾವಾಗಲೂ ಗುಡ್ಡ ಹತ್ತುವುದಿಲ್ಲ. ಹಳ್ಳದಲ್ಲಿ ಕಲ್ಲಿಗೆ ನೀರು ಬಡಿಯುವುದನ್ನು ನೋಡಿ. ನೀರಿಗೆ ರಭಸ ಇದ್ದರೆ ಕಲ್ಲಿನ ಮೇಲೇ ದಾಟುತ್ತದೆ, ಇಲ್ಲದಿದ್ದರೆ ಪಕ್ಕದಿಂದ ಸರಿಯುತ್ತದೆ. ಗಾಳಿಯದೂ ಹಾಗೇ. ಅದರ ವೇಗ, ಗುಡ್ಡದ ಎತ್ತರ, ಗಾಳಿಯ ಪದರಗಳು ಎಷ್ಟು ಬಿಗಿಯಾಗಿ ಕುಳಿತಿವೆ ಅನ್ನೋದು, ಈ ಮೂರನ್ನು ಸೇರಿಸಿ ಫ್ರೌಡ್ ಸಂಖ್ಯೆ ಅಂತ ಒಂದು ಲೆಕ್ಕ ಹಾಕುತ್ತೇವೆ. 800 ಮೀಟರ್ ಗುಡ್ಡಕ್ಕೆ ಸೆಕೆಂಡಿಗೆ 10 ಮೀಟರ್ ಗಾಳಿ ಬಂದರೆ ಸಾಮಾನ್ಯವಾಗಿ ದಾಟುತ್ತದೆ. ಅದು 5ಕ್ಕೆ ಇಳಿದರೆ ತಡವರಿಸುತ್ತದೆ, ಪಕ್ಕದ ಕಣಿವೆ ಹುಡುಕುತ್ತದೆ. ಆಗ ಮಳೆ ಬೀಳುವ ಜಾಗವೂ ಬದಲಾಗುತ್ತದೆ. ಆರ್‌.ಪಿ. ಸರ್ಕರ್ ಅನ್ನುವವರು ಪಶ್ಚಿಮ ಘಟ್ಟದ ಮಳೆಗೆ 1966ರಲ್ಲೇ ಹೀಗೆ ಗಾಳಿಯ ಲೆಕ್ಕದಿಂದ ಉತ್ತರ ಹುಡುಕಿದ್ದರು. ಅವರ ಪ್ರಬಂಧವನ್ನು ಎಷ್ಟು ಸಲ ಓದಿದೆನೋ. ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ವಾಯವ್ಯ ಸಾರಿಗೆಯ ಒಬ್ಬ ಕಂಡಕ್ಟರ್ ಅಣ್ಣನಿಗೆ. ಗಾಳಿ ಅಳೆಯುವ ಯಂತ್ರದ ಮೂರು ಮೀಟರ್ ಕಂಬವನ್ನು ಬಸ್ಸಿನೊಳಗೆ ಅಡ್ಡ ಇಟ್ಟಾಗ ಜನ ಬೈಯುತ್ತಿದ್ದರು. ಈ ಅಣ್ಣ ಕಂಬವನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ಆಫ್ ಟಿಕೆಟ್ ಹರೀಲೇನ್ರೀ ಮೇಡಂ?" ಅಂದರು. ಇಡೀ ಬಸ್ಸು ನಕ್ಕಿತು, ಬೈಗುಳ ನಿಂತಿತು. ಆ ಯಂತ್ರವನ್ನು ಮುಂದೆ ಮಂಗ್ಯಾಗಳು ಮುರಿದವು. ತಿರುಗುವ ಬಟ್ಟಲುಗಳಿಗೆ ಜೋತುಬಿದ್ದು ಆಡಿದ್ದವು. ಅತ್ತುಕೊಂಡು ಗೈಡ್ ಹತ್ತಿರ ಹೋದರೆ ಅವರು ಅನ್ನಾ ಮಣಿ ಅವರ ಕಥೆ ಹೇಳಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹವಾಮಾನದ ಉಪಕರಣಗಳನ್ನು ನಮ್ಮಲ್ಲೇ ತಯಾರಿಸಲು ಟೊಂಕ ಕಟ್ಟಿದ ಹೆಂಗಸು ಅವರು. ಕಥೆ ಮುಗಿಸಿ, "ಈಗ ಹೋಗಿ ರಿಪೇರಿ ಮಾಡು" ಅಂದರು. ಗೈಡ್‌ಗೆ ಇಷ್ಟು ಸಾಕು, ಜಾಸ್ತಿ ಹೊಗಳಿದರೆ ಅವರಿಗೇ ಸೇರುವುದಿಲ್ಲ.

ಮಳೆಮಾಪಕಕ್ಕೆ ಮಂಗ್ಯಾಗಳ ಕಾಟ ಇರಲಿಲ್ಲ, ಐತವಾರದ ಕಾಟ ಇತ್ತು. ಮಳೆಯನ್ನು ಅಳೆಯುವುದು ಬೆಳಿಗ್ಗೆ 8.30ಕ್ಕೆ. ಹಿಂದಿನ 24 ಗಂಟೆಯ ಮಳೆ ಆ ಹೊತ್ತಿಗೆ ಲೆಕ್ಕಕ್ಕೆ ಬರಬೇಕು. ನಮ್ಮದೊಂದು ಮಾಪಕ ಘಟ್ಟದ ಒಂದು ಸಣ್ಣ ಶಾಲೆಯ ಅಂಗಳದಲ್ಲಿತ್ತು. ಐತವಾರ ಶಾಲೆಗೆ ಬೀಗ. ಸೋಮವಾರ ಎರಡು ದಿನದ ಮಳೆ ಒಟ್ಟಿಗೆ ಸಿಗುತ್ತಿತ್ತು, ಆಷಾಢದಲ್ಲಂತೂ ಬಾಟಲಿ ತುಂಬಿ ಹೊರಗೆ ಚೆಲ್ಲಿರುತ್ತಿತ್ತು. ಚೆಲ್ಲಿದ ಮಳೆಗೆ ಎಲ್ಲಿಂದ ಲೆಕ್ಕ ತರಲಿ?

ಆಗ ಬಿಸಿಯೂಟ ಮಾಡುವ ಅಕ್ಕ, "ನಂದ ಮನಿ ಇಲ್ಲೇ ಐತಿ, ನಾ ನೋಡತೀನಿ ಬಿಡ" ಅಂದರು. ಅವರು ಓದಿದ್ದು ನಾಲ್ಕನೆಯ ಇಯತ್ತೆ. ಅಳತೆಯ ಗಾಜಿನಲ್ಲಿ ನೀರಿನ ನಡುಭಾಗ ತಗ್ಗಿರುತ್ತದೆ, ಅಂಚನ್ನಲ್ಲ, ಆ ತಗ್ಗನ್ನೇ ಓದಬೇಕು ಅಂತ ತೋರಿಸಿದೆ. "ಎಣ್ಣಿ ಅಳದಂಗ" ಅಂದರು. ಅಷ್ಟೇ ಪಾಠ. ಅದಕ್ಕೂ ಮೊದಲಿನ ವಹಿಯಲ್ಲಿ ಅಂಕಿಗಳು ಬಹಳ ಸಲ 5ಕ್ಕೋ 0ಗೋ ಮುಗಿಯುತ್ತಿದ್ದವು. ಮಳೆ ಅಷ್ಟು ಶಿಸ್ತಿನದಲ್ಲ. ಅಕ್ಕನ ವಹಿಯಲ್ಲಿ 63.2 ಇತ್ತು, 117.8 ಇತ್ತು. ಎರಡನೇ ವರ್ಷದಿಂದ ಐತವಾರ ಮಾತ್ರವಲ್ಲ, ವಾರದ ಏಳೂ ದಿನ ಅವರೇ ಓದಿದರು. ಜ್ವರ ಬಂದಾಗ ಮಗಳನ್ನು ಕಳಿಸಿದರು. ಗೌರಿ ಹಬ್ಬದ ದಿನದ್ದೂ ಇದೆ. ದೀಪಾವಳಿಯದೂ ಇದೆ, ಅವತ್ತು ಸೊನ್ನೆ. ಸೊನ್ನೆಯನ್ನೂ ಬರೆದಿದ್ದಾರೆ. ಖಾಲಿ ಬಿಡುವುದಕ್ಕೂ ಸೊನ್ನೆ ಬರೆಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದ ಎಂ.ಎಸ್ಸಿ.ಯವರನ್ನು ನಾನು ನೋಡಿದ್ದೇನೆ.

ಇನ್ನು ಬೀಡಿ ಅಜ್ಜನ ಋಣ. ಇದು ತುಸು ನಾಚಿಕೆಯ ಕಥೆ.

ಚಳಿಗಾಲದಲ್ಲಿ ಒಂದು ಕಣಿವೆಯ ಯಂತ್ರ ರಾತ್ರಿಯ ಗಾಳಿಯನ್ನು ತಿರುವುಮುರುವು ತೋರಿಸುತ್ತಿತ್ತು. ಗಾಳಿ ಹೇಗೆ ಬೀಸಬೇಕು ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಮೂಡಗಾಳಿ ಅನ್ನುತ್ತಿತ್ತು, ಯಂತ್ರ ನೇರ ಎದುರು ದಿಕ್ಕು ತೋರಿಸುತ್ತಿತ್ತು. ದಿಕ್ಕಿನ ಮುಳ್ಳನ್ನು ಕೂರಿಸುವಾಗ ನಾನೇ ಉತ್ತರ ದಿಕ್ಕು ತಪ್ಪಿರಬೇಕು ಅಂದುಕೊಂಡೆ. ಅಂಥ ತಪ್ಪು ಆಗುವುದುಂಟು. ಎಲ್ಲ ಅಂಕಿಗಳಿಗೂ 180 ಡಿಗ್ರಿ ಕೂಡಿಸಿ "ಸರಿ" ಮಾಡುವುದು ಹತ್ತು ನಿಮಿಷದ ಕೆಲಸ. ಅದಕ್ಕೂ ಮೊದಲು ಒಮ್ಮೆ ಮುಳ್ಳು ನೋಡಿ ಬರೋಣ ಅಂತ ಹೋದೆ. ಬಸ್ ತಪ್ಪಿ ಅಲ್ಲೇ ಒಂದು ಮನೆಯಲ್ಲಿ ಉಳಿಯಬೇಕಾಯಿತು. ಬೆಳಗಿನ ಜಾವ ಆ ಮನೆಯ ಅಜ್ಜ ಅಂಗಳದಲ್ಲಿ ಬೀಡಿ ಹಚ್ಚಿ ಕೂತಿದ್ದರು. ನನ್ನ ಪೇಟೆ ಮರಾಠಿಯಲ್ಲಿ ಕಷ್ಟ ತೋಡಿಕೊಂಡೆ. ಅಜ್ಜ ಕನ್ನಡದಲ್ಲೇ ಉತ್ತರಿಸಿದರು. "ನಿಮ್ಮ ಡಬ್ಬಿ ಬರೋಬರ್ ಐತಿ. ಹೊಗಿ ನೋಡ್ರಿ." ಬೀಡಿಯ ಹೊಗೆ ಮೇಲೆ ಹೋಗುತ್ತಿರಲಿಲ್ಲ. ನೆಲದ ಮೇಲೇ ಹರಿದು, ಹಳ್ಳದ ಕಡೆ ಇಳಿಯುತ್ತಿತ್ತು. "ಬಿಸಲ ಬಿದ್ದಮ್ಯಾಲ ತಿರಗತೈತಿ" ಅಂದರು. ಒಂಬತ್ತಕ್ಕೆಲ್ಲ ತಿರುಗಿತು.

ಪುಸ್ತಕದಲ್ಲಿ ನಾನು ಇದನ್ನು ಓದದೇ ಇರಲಿಲ್ಲ. ಮೋಡವಿಲ್ಲದ ರಾತ್ರಿ ಇಳಿಜಾರಿನ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿ ತಂಪಾಗಿ, ಭಾರವಾಗಿ, ನೀರಿನಂತೆ ಕೆಳಗೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಹಗಲು ಅದರ ಉಲ್ಟಾ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ. ಆದರೆ ಕಂಪ್ಯೂಟರ್ ಮಾದರಿ ನೆಲವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ, ನನ್ನ ಮಾದರಿಯ ಒಂದೊಂದು ಚೌಕ 9 ಕಿ.ಮೀ. ಅಗಲದ್ದು. ಇಡೀ ಕಣಿವೆ ಒಂದು ಚೌಕದೊಳಗೆ ಮಾಯವಾಗಿತ್ತು. ಕಣಿವೆಯೇ ಇಲ್ಲದ ಮಾದರಿಯನ್ನು ನಂಬಿ, ಕಣಿವೆಯಲ್ಲಿ ನಿಂತ ಯಂತ್ರವನ್ನು ತಿದ್ದಲು ಹೊರಟಿದ್ದೆ ಅಲ್ವಾ! ಚೌಕವನ್ನು 1 ಕಿ.ಮೀ.ಗೆ ಇಳಿಸಿದೆವು. ಚೌಕ ಮೂರು ಪಟ್ಟು ಚಿಕ್ಕದಾದರೆ ಲೆಕ್ಕ ಸುಮಾರು 27 ಪಟ್ಟು ಹೆಚ್ಚುತ್ತದೆ, ಇದು ಎರಡು ಸಲ ಮೂರು ಪಟ್ಟು. ಕಂಪ್ಯೂಟರ್ ವಾರಗಟ್ಟಲೆ ಓಡಿತು. ಗಾಳಿ ಹಳ್ಳದ ಕಡೆ ಇಳಿಯಿತು. ಪ್ರಬಂಧದ ನಾಲ್ಕನೇ ಅಧ್ಯಾಯ ಅದೇ.

ನಡುವೆ ಕೆಟ್ಟ ಕಾಲವೂ ಇತ್ತು. ಫೆಲೋಶಿಪ್ ಹಣ ಏಳು ತಿಂಗಳು ಬರಲಿಲ್ಲ, ಕೇಳಿದಲ್ಲೆಲ್ಲ "ಮುಂದಿನ ವಾರ" ಅಂದರು. ಆ ಏಳು ತಿಂಗಳು ಖಾನಾವಳಿಯ ಕಾಕು ಉದ್ರಿ ಬರೆದುಕೊಂಡು ರೊಟ್ಟಿ ಹಾಕಿದರು. ಹಣ ಬಂದಾಗ ಲೆಕ್ಕ ತೀರಿಸಲು ಹೋದೆ. ಎರಡು ತಿಂಗಳದ್ದು ಹೊಡೆದುಹಾಕಿದ್ದರು. ಕೇಳಿದರೆ, "ನೀ ಆವಾಗ ಒಂದ ರೊಟ್ಟಿ ತಿಂತಿದ್ದಿ, ಅದಕ್ಕೇನ ರೊಕ್ಕ" ಅಂದರು.

ಅವ್ವನಿಗೆ ಏನು ಹೇಳಲಿ? ಅವಳು ಇದನ್ನು ಓದಿ, "ಇದನ್ನ ಯಾಕ ಬರದಿ" ಅಂತ ಬೈಯುತ್ತಾಳೆ. ಅಪ್ಪನಿಗೆ ಮಾತ್ರ ಕಳೆದ ವಾರ ಮನೆಯಲ್ಲಿ ಕೂತು ನಕಾಶೆ ಬಿಡಿಸಿ ತೋರಿಸಿದೆ. ಇಗೋ ಸಮುದ್ರ, ಇಗೋ ಘಟ್ಟ, ಇಲ್ಲಿ ಬಿದ್ದ ನೀರು ಹೀಗೆ ಬಂದು ನಮ್ಮ ಮನೆ ಹೊಕ್ಕಿತು ಅಂತ. ಬಹಳ ಹೊತ್ತು ನೋಡಿದ. "ಹಂಗಾರ ಮುಂದಿನ ಸಲ ಮೊದಲ ಹೇಳತಿ?" ಅಂದ. ಸ್ವಲ್ಪ ಮೊದಲು ಹೇಳಬಹುದು, ಅಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತಿತ್ತು.

ನಮ್ಮ ಅಳತೆಯ ಕೆಲಸ ಮುಗಿದು ಒಂದೂವರೆ ವರ್ಷವಾಯಿತು. ಮಾಪಕವನ್ನು ಶಾಲೆಗೇ ಬಿಟ್ಟು ಬಂದೆವು. ಈಗ ಮಿರಗದ ಮಳೆ ಹಿಡಿದಿದೆ. ವೈವಾ ಮುಗಿದ ಮೂರನೇ ದಿನ, ಐತವಾರ, ನಾನು ಇನ್ನೂ ಹಾಸಿಗೆಯಲ್ಲಿದ್ದೆ. 8.34ಕ್ಕೆ ಅಕ್ಕನ ಮೆಸೇಜ್ ಬಂತು. ಬರೀ ಅಂಕಿ: 41.6.

"ಬರಕೊಂಡೆ ಅಕ್ಕಾ" ಅಂತ ಕಳಿಸಿದೆ. ಎದ್ದು ವಹಿ ಹುಡುಕಿದೆ.