ಲೋಹದ ಪುಡಿಯಲ್ಲಿ ಜಲಜನಕ

ಮಾನ್ಯರೇ,

ಆಷಾಢದ ಗಾಳಿಗೆ ಮರ ಬಿತ್ತೆಂದರೆ ಹೊಸನಗರದ ಕಡೆಯ ನಮ್ಮೂರಲ್ಲಿ ಮೂರು ದಿನ ಕತ್ತಲೆ. ಇನ್ವರ್ಟರ್ ಮೊದಲ ರಾತ್ರಿಯೇ ಕುಂಯ್ ಎಂದು ಮಲಗುತ್ತದೆ. ಶರಾವತಿಯೇನೋ ಪಕ್ಕದಲ್ಲೇ!

ಕರೆಂಟಿನಿಂದ ನೀರನ್ನು ಒಡೆದು ಜಲಜನಕ ಮಾಡಿಟ್ಟರೆ, ಬೇಕಾದಾಗ ಅದರಿಂದ ಮತ್ತೆ ಕರೆಂಟು ಪಡೆಯಬಹುದು. ಜಲಜನಕ ಎಂದೊಡನೆ ಸಿಲಿಂಡರ್ ಸಿಡಿಯುವ ಭಯ. ಆದರೆ ಅದನ್ನು ಲೋಹದ ಪುಡಿಯೊಳಗೂ ಹಿಡಿದಿಡಬಹುದು. ಮೆಗ್ನೀಸಿಯಂ ತನ್ನೊಳಗೆ ತೂಕದ ಶೇ 7.6ರವರೆಗೆ ಹಿಡಿಯುತ್ತದೆ, ಬಿಡಿಸಲು ಮಾತ್ರ ಸುಮಾರು 300 ಡಿಗ್ರಿ ಕಾಯಿಸಬೇಕು. ಲ್ಯಾಂಥನಮ್-ನಿಕ್ಕಲ್ ಮಿಶ್ರಲೋಹಕ್ಕೆ ಅಷ್ಟು ಬಿಸಿ ಬೇಡ, ಆದರೆ ಹಿಡಿಯುವುದು ಶೇ 1.4ರಷ್ಟೇ. ಕಾರಿಗೆ ಈ ಭಾರ ಹೊರೆ. ಕೊಟ್ಟಿಗೆ ಪಕ್ಕದಲ್ಲಿ ಕೂರುವ ಪೆಟ್ಟಿಗೆಗೆ ಭಾರವಾದರೇನು?

ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಪುಟ್ಟ ಟರ್ಬೈನ್ ಇಟ್ಟವರು ಮಲೆನಾಡಲ್ಲಿದ್ದಾರೆ. ರಾತ್ರಿ ಮಿಕ್ಕ ಕರೆಂಟನ್ನು ಹೀಗೆ ಕೂಡಿಡಲಾದೀತೇ? ದುಬಾರಿ, ಗೊತ್ತು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಒಂದು ಮನೆಯಲ್ಲಿ ಮಾಡಿ ನೋಡಲಿ.

— ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು