ಕಾಡುಹಂದಿಗೆ ನೀತಿಸಂಹಿತೆ ಇಲ್ಲ

ಚುನಾವಣೆ ಘೋಷಣೆಯಾದೊಡನೆ ಬೆಳೆ ರಕ್ಷಣೆಯ ಕೋವಿಗಳನ್ನೂ ಠಾಣೆಗೆ ಒಪ್ಪಿಸುವಂತೆ ಮಲೆನಾಡಿನ ರೈತರಿಗೆ ಸೂಚಿಸುವ ಪದ್ಧತಿ ಬದಲಾಗಬೇಕು. ನಗರದ ಉದ್ಯಮಿಯ ಸೊಂಟದ ಪಿಸ್ತೂಲಿಗೂ ಅಡಿಕೆ ತೋಟದ ಒಂಟಿ ಮನೆಯ ಹಳೆಯ ಕೋವಿಗೂ ಒಂದೇ ಅಳತೆಗೋಲು ಹಿಡಿಯುವುದು ಯಾವ ನ್ಯಾಯ?

2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ರಂದು ಜಾರಿಯಾಯಿತು; ಮತ ಎಣಿಕೆ ನಡೆದದ್ದು ಜೂನ್ 4ರಂದು. ಹಲಸು ಹಣ್ಣಾಗಿ ಆನೆಗಳು ತೋಟಕ್ಕೆ ಇಳಿಯುವ ಕಾಲವೂ ಅದೇ. ಹಂದಿ, ಮಂಗಗಳ ಕಾಟವಂತೂ ವರ್ಷವಿಡೀ ಇದ್ದದ್ದೇ. ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಬೆದರಿಸಲೂ ಆಗದೆ ನಾವು ತಗಡು ಬಡಿಯುತ್ತಾ ರಾತ್ರಿ ಕಳೆಯಬೇಕು.

ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಪಡೆಯಬೇಕೆಂದು ಚುನಾವಣಾ ಆಯೋಗವೂ ಹೇಳಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಗಳಲ್ಲಿ ಭಾಗಿಯಾದವರು ಮುಂತಾದವರ ಪರವಾನಗಿಗಳನ್ನು ಜಿಲ್ಲಾ ಪರಿಶೀಲನಾ ಸಮಿತಿ ನೋಡಬೇಕೆಂಬುದು ಅದರ ಮಾರ್ಗಸೂಚಿ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಪರವಾನಗಿಯಿಂದಲೇ ವಿನಾಯಿತಿ ಇದೆ. ನಾವು ಅಷ್ಟನ್ನು ಕೇಳುತ್ತಿಲ್ಲ.

ಪ್ರಕರಣಗಳಿಲ್ಲದ ಕೃಷಿಕರಿಂದ ಮುಚ್ಚಳಿಕೆ ಬರೆಸಿಕೊಂಡು ಕೋವಿಯನ್ನು ಅವರ ಬಳಿಯೇ ಬಿಡಲಿ. ಮುಂಬರುವ ಚುನಾವಣೆಗೆ ಮೊದಲೇ ಸಮಿತಿಗಳು ಠಾಣಾವಾರು ಪಟ್ಟಿ ಸಿದ್ಧಪಡಿಸಿದರೆ ಇದು ಕಷ್ಟವಾಗದು.

– ಒಬ್ಬ ಅಡಿಕೆ ಬೆಳೆಗಾರ, ಕೊಪ್ಪ