ಸಂಪಾದಕೀಯ: ಹೆಗಲು ಕೊಡುವ ಊರು

ಗೌರಿ ಹಬ್ಬದ ಮರುವಾರ ನಮ್ಮ ಸಂಘದಲ್ಲಿ ನಡೆದ ಚಿತ್ರಪ್ರದರ್ಶನ ಮುಗಿದಾಗ, ಇಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ಪುಟ್ಟ ಹುಡುಗಿಯೊಬ್ಬಳು ಊರಿನಿಂದ ಬಂದಿದ್ದ ತನ್ನ ಅಜ್ಜಿಯ ಸೆರಗು ಹಿಡಿದು, "ಅಜ್ಜಿ, ಹಾಸನದಲ್ಲಿ ಎಲ್ಲರೂ ಮಚ್ಚು ಇಟ್ಕೊಂಡೇ ಓಡಾಡ್ತಾರಾ?" ಎಂದು ಕೇಳಿದಳು. "ಮಚ್ಚು ಇರೋದು ಎಳನೀರು ಕೊಚ್ಚೋಕೆ ಕಣೇ ಪುಟ್ಟಿ" ಎಂದರು ಅಜ್ಜಿ. ಉತ್ತರ ಚೆನ್ನಾಗಿತ್ತು, ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಜೆಯಲ್ಲಿ ಒಮ್ಮೆ ಹೋಗಿ ಬರುವ ನಮ್ಮ ಮಕ್ಕಳಿಗೆ ನಾಡೆಂದರೆ ಬಹುಮಟ್ಟಿಗೆ ನಾವು ತೆರೆಯ ಮೇಲೆ ತೋರಿಸಿದ್ದೇ ಆಗಿರುತ್ತದೆ. ಹಾಗಿರುವಾಗ ಯಾವ ಚಿತ್ರವನ್ನು ತೋರಿಸಬೇಕೆಂಬುದು ಕೇವಲ ಮನರಂಜನೆಯ ಪ್ರಶ್ನೆಯಲ್ಲವೆಂದು ನಾನು ನಂಬಿದ್ದೇನೆ.

ಜಾವಗಲ್ ಸಮೀಪದ ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸು ಬರುತ್ತಿತ್ತು. ಸಂಜೆ ಧ್ವನಿವರ್ಧಕದಲ್ಲಿ 'ನಮೋ ವೆಂಕಟೇಶ' ಕೇಳಿಸಿತೆಂದರೆ ಅಡುಗೆಮನೆಗಳಲ್ಲಿ ಮುದ್ದೆ ತಿರುವುವ ಕೈಗಳು ಚುರುಕಾಗುತ್ತಿದ್ದವು. ಚಿತ್ರಗಳು ಪೇಟೆಯಲ್ಲಿ ಓಡಿ ಎಷ್ಟೋ ವರ್ಷಗಳಾದ ಮೇಲೆ ನಮ್ಮಲ್ಲಿಗೆ ಬರುತ್ತಿದ್ದವು. 1974ರ 'ಭೂತಯ್ಯನ ಮಗ ಅಯ್ಯು' ಕೂಡ ಹಾಗೆಯೇ ತಡವಾಗಿ ಬಂದದ್ದು. ಕಥೆ ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ನಿರ್ದೇಶನ ಸಿದ್ದಲಿಂಗಯ್ಯನವರದು, ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರು ಜಿಲ್ಲೆಯ ಕಳಸಾಪುರದಲ್ಲಿ. ಹೀಗಾಗಿ ನೆಲದ ಮೇಲೆ ಕುಳಿತ ನಮ್ಮವರಿಗೆ ತೆರೆಯ ಮೇಲಿನ ಹೊಲ, ಜಗಲಿ, ಜಗಳ ಯಾವುದೂ ಹೊಸದಾಗಿರಲಿಲ್ಲ. ಉಪ್ಪಿನಕಾಯಿಗೆ ಆಸೆಪಡುವ ಲೋಕನಾಥರನ್ನು ಕಂಡು ಇಡೀ ಟೆಂಟು ನಕ್ಕಿತು. ಆದರೆ ಬಡ್ಡಿಯಿಂದ ಊರನ್ನೇ ಹಿಂಡಿದ್ದ ಭೂತಯ್ಯ ಸತ್ತು ಅವನ ಹೆಣ ಹೊರಲು ಊರಿನವರು ಬಾರದಿದ್ದಾಗ, ಅಯ್ಯುವಾಗಿ ಲೋಕೇಶ್ ನಿಂತ ಆ ನಿಲುವನ್ನು ಕಂಡು ನಮ್ಮ ತಾತ ಬೀಡಿ ಹಚ್ಚುವುದನ್ನೂ ಮರೆತರು.

ನಮ್ಮೂರಿನಲ್ಲೂ ಸಾಲಕ್ಕೆ ಹೊಲ ಬರೆಸಿಕೊಳ್ಳುತ್ತಿದ್ದ ಸಾಹುಕಾರರೊಬ್ಬರಿದ್ದರು. ಟೆಂಟು ಎತ್ತುವ ಮೊದಲೇ ಹುಡುಗರು ಅವರಿಗೆ ಭೂತಯ್ಯನೆಂದು ಹೆಸರಿಟ್ಟರು. ಕೆಲವು ವರ್ಷಗಳ ಬಳಿಕ ಅವರು ತೀರಿಕೊಂಡ ದಿನ ಯಾರೂ ಮನೆಯಿಂದ ಹೊರಗೆ ಬಂದಿರಲಿಲ್ಲ. ಬದುವಿನ ವ್ಯಾಜ್ಯಕ್ಕಾಗಿ ಅವರ ಮೇಲೆ ಹಾಸನದ ಕೋರ್ಟಿಗೆ ಅಲೆದು ಸೋತಿದ್ದ ನಮ್ಮ ತಾತ ಟವಲನ್ನು ಹೆಗಲಿಗೆ ಹಾಕಿಕೊಂಡು ಎದ್ದು, "ಪಿಕ್ಚರಲ್ಲಿ ಆದಂಗೆ ನಮ್ಮೂರಲ್ಲಿ ಆಗ್ಬಾರ್ದು, ಬನ್ರಪ್ಪ" ಎಂದರು. ಒಬ್ಬರ ಹಿಂದೆ ಒಬ್ಬರಾಗಿ ಊರು ಹೊರಟಿತು. ಸತ್ತವನ ಮನೆಗೆ ಹೋಗಬೇಕೆಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಇತ್ತು, ಚಿತ್ರ ಅದನ್ನು ಹೊಸದಾಗಿ ಕಲಿಸಲಿಲ್ಲ. ಹೋಗದಿದ್ದರೆ ನಾವು ಹೇಗೆ ಕಾಣುತ್ತೇವೆ ಎಂಬುದನ್ನು ಮಾತ್ರ ಅದು ನಮಗೆ ಮುಂಚಿತವಾಗಿ ತೋರಿಸಿಬಿಟ್ಟಿತ್ತು.

'ಭೂತಯ್ಯನ ಮಗ ಅಯ್ಯು' ಬರುವ ನಾಲ್ಕು ವರ್ಷ ಮೊದಲು, 1970ರಲ್ಲಿ ಬಂದ 'ಸಂಸ್ಕಾರ'ವೂ ಒಂದು ಹೆಣದ ಸುತ್ತಲೇ ನಿಂತಿದೆ. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಶೃಂಗೇರಿ ಸಮೀಪದ ವೈಕುಂಠಪುರದ ಅಗ್ರಹಾರದಲ್ಲಿ ಚಿತ್ರಿಸಿದರು. ಅಗ್ರಹಾರದ ಆಚಾರಗಳನ್ನೆಲ್ಲ ಮುರಿದಿದ್ದ, ಲಂಕೇಶರು ಅಭಿನಯಿಸಿದ ನಾರಣಪ್ಪ ಸತ್ತಿದ್ದಾನೆ. ಅವನನ್ನು ಸುಡುವವರು ಯಾರೆಂದು ಹೇಳಲು ಕಾರ್ನಾಡರು ಅಭಿನಯಿಸಿದ ಪಂಡಿತ ಪ್ರಾಣೇಶಾಚಾರ್ಯರಿಗೆ ಯಾವ ಗ್ರಂಥದಲ್ಲಿಯೂ ಉತ್ತರ ಸಿಗುವುದಿಲ್ಲ. ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದಿದ್ದ ಈ ಚಿತ್ರವೇ ಮುಂದೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದಿತು. ಒಂದು ತುಂಬಿದ ಟೆಂಟಿನ ಚಿತ್ರ, ಇನ್ನೊಂದು ವಾದವಿವಾದಗಳ ಚಿತ್ರ. ಆದರೂ ಒಂದೇ ಜಿಲ್ಲೆಯ ಮಣ್ಣಿನಲ್ಲಿ ನಿಂತು ಎರಡೂ ಒಂದೇ ಮಾತನ್ನು ಕೇಳಿದವು: ನಿಮಗೆ ಬೇಡವಾದವನು ಸತ್ತರೆ ನೀವು ಏನು ಮಾಡುತ್ತೀರಿ? ನಾಡನ್ನು ಹೊಗಳುವ ಚಿತ್ರಗಳು ನನಗೂ ಪ್ರಿಯವೇ. ಆದರೆ ನಾಡನ್ನು ಹೀಗೆ ನಿಲ್ಲಿಸಿ ಕೇಳುವ ಚಿತ್ರಗಳಿಗೆ ನಾವು ಹೆಚ್ಚು ಋಣಿಗಳು.

ಚಿತ್ರಗಳು ನೋಟವನ್ನೂ ಬದಲಿಸುತ್ತವೆ. ಸೌದೆ ಒಟ್ಟಿ, ಹಪ್ಪಳ ಒಣಗಿಸಿಟ್ಟು ಎದುರಿಸುತ್ತಿದ್ದ ಸಕಲೇಶಪುರದ ಮಳೆ 2006ರ 'ಮುಂಗಾರು ಮಳೆ'ಯ ನಂತರ ಜನ ನೋಡಲು ಬರುವ ಮಳೆಯಾಯಿತು. 1972ರ 'ಬಂಗಾರದ ಮನುಷ್ಯ'ವನ್ನು ನೋಡಿ ಓದಿದ ಹುಡುಗರು ಹೊಲಕ್ಕೆ ಮರಳಿದರೆಂಬ ಮಾತನ್ನು ನಾವೆಲ್ಲರೂ ಕೇಳಿಯೇ ಬೆಳೆದವರು. ಹೊಲ ಬಿಟ್ಟು ಬಂದ ನಮಗೆ ಆ ಚಿತ್ರವನ್ನು ನೋಡುವುದು ಈಗಲೂ ಸುಲಭವಲ್ಲ.

ಈ ಸಂಚಿಕೆ ನಾಳೆ ಬೆಳಿಗ್ಗೆಯೇ ಮುದ್ರಣಕ್ಕೆ ಹೋಗಬೇಕಾಗಿರುವುದರಿಂದ ಸೂಚನೆಗಳನ್ನು ಇಲ್ಲಿಯೇ ಸೇರಿಸುತ್ತಿದ್ದೇನೆ. ರಾಜ್ಯೋತ್ಸವದ ದಿನ ಮಧ್ಯಾಹ್ನದ ಊಟದ ಬಳಿಕ 'ಭೂತಯ್ಯನ ಮಗ ಅಯ್ಯು' ಪ್ರದರ್ಶನವಿರುತ್ತದೆ. ಊಟಕ್ಕೆ ಹೆಸರು ನೋಂದಾಯಿಸಲು ಅಕ್ಟೋಬರ್ 20 ಕೊನೆಯ ದಿನ. ರಾಜ್ಯೋತ್ಸವದ ದಿನ ಮಕ್ಕಳ ಕನ್ನಡ ತರಗತಿ ಇರುವುದಿಲ್ಲ. ಸದಸ್ಯತ್ವ ನವೀಕರಿಸದವರು ದಯವಿಟ್ಟು ಬಾಗಿಲಲ್ಲಿಯೇ ನವೀಕರಿಸಿಕೊಳ್ಳಿ. 'ಸಂಸ್ಕಾರ'ವನ್ನು ದೊಡ್ಡವರಿಗಾಗಿ ಡಿಸೆಂಬರಿನಲ್ಲಿ ಪ್ರತ್ಯೇಕವಾಗಿ ತೋರಿಸುವ ಆಲೋಚನೆಯಿದೆ.

ಚಿತ್ರ ಮುಗಿದ ಬಳಿಕ ಮಕ್ಕಳ ಜೊತೆ ಕುಳಿತು ಮಾತನಾಡಲು ಹಾಸನ, ಚಿಕ್ಕಮಗಳೂರು ಕಡೆಯ ಹಿರಿಯರು ಬೇಕಾಗಿದ್ದಾರೆ. ಬಡ್ಡಿ, ಬದು, ಪಂಚಾಯಿತಿ ಇವೆಲ್ಲ ಏನೆಂದು ನಿಮ್ಮ ಮಾತಿನಲ್ಲಿಯೇ ಹೇಳಿದರೆ ಸಾಕು. ಹಾಗೆಯೇ ಈ ಪತ್ರಿಕೆಯ ಕರಡು ತಿದ್ದಲು, ಪುಟ ಜೋಡಿಸಲು ಇನ್ನೊಬ್ಬರು ಜೊತೆಗೂಡದಿದ್ದರೆ ಯುಗಾದಿ ಸಂಚಿಕೆಯನ್ನು ಹೊರತರುವುದು ನನ್ನೊಬ್ಬನಿಂದ ಆಗಲಾರದು. ವಾರಕ್ಕೆ ಒಂದು ಸಂಜೆ ಕೊಡಬಲ್ಲವರು ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಬಳಿ ನನ್ನನ್ನು ಕಾಣಿರಿ.